ಬಿ.ಎಚ್. ರಸ್ತೆಯಲ್ಲಿ ಹೊನ್ನಾವರದವರೆಗೆ ಸೈಕಲ್: ನಡುವೆ ಒಂದು ಹಗುರ ದಿನ ಬೇಕಾ?

ಬಸವನಗುಡಿ_ಬೆಲ್ (ಮಂಗಳವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ಬಹಳ ವರ್ಷದ ಆಸೆ ಒಂದಿದೆ. ತುಮಕೂರಿಗೆ ಹೋದರೂ ಬಿ.ಎಚ್. ರಸ್ತೆ, ಶಿವಮೊಗ್ಗಕ್ಕೆ ಹೋದರೂ ಬಿ.ಎಚ್. ರಸ್ತೆ. ಬೆಂಗಳೂರು-ಹೊನ್ನಾವರ ರಸ್ತೆ ಅಂತ ಚಿಕ್ಕವನಿದ್ದಾಗ ಯಾರೋ ಹೇಳಿದ್ದರು. ಆ ‘ಬಿ’ಯಿಂದ ಆ ‘ಎಚ್’ವರೆಗೆ ಒಮ್ಮೆ ಸೈಕಲ್ ತುಳಿಯಬೇಕು. ಹೊನ್ನಾವರ ಮುಟ್ಟಿದ ಮೇಲೆ ಇನ್ನೊಂದು ದಿನ ಗೋಕರ್ಣ, ಅಲ್ಲಿಂದ ರೈಲು.

ನನ್ನ ಲೆಕ್ಕ ಹೀಗಿದೆ. ಮೊದಲ ದಿನ ಬೆಂಗಳೂರಿಂದ ತಿಪಟೂರು, ಹತ್ತಿರ ಹತ್ತಿರ 145 ಕಿಲೋಮೀಟರ್. ಎರಡನೇ ದಿನ ತರೀಕೆರೆ, 100. ಮೂರನೇ ದಿನ ಶಿವಮೊಗ್ಗ ದಾಟಿ ಸಾಗರ, 115. ನಾಲ್ಕನೇ ದಿನ ಜೋಗದ ಮೇಲೆ ಹಾದು ಹೊನ್ನಾವರ, 90. ಐದನೇ ದಿನ ಗೋಕರ್ಣ, 50. ಒಟ್ಟು 500 ಅಂತ ಇಟ್ಟುಕೊಳ್ಳಿ.

ವಯಸ್ಸು 47. ಹಳೇ ಸ್ಟೀಲ್ ಸೈಕಲ್, ಹಿಂದೆ ಎರಡು ಚೀಲ, 13 ಕೆಜಿ ಸಾಮಾನು. ಭಾನುವಾರ ನಂದಿ ಬೆಟ್ಟದ ಕಡೆ 90-100 ಆರಾಮಾಗಿ ತುಳಿಯುತ್ತೇನೆ. ಆದರೆ ಸತತವಾಗಿ ಎರಡು ದಿನಕ್ಕಿಂತ ಜಾಸ್ತಿ ಯಾವತ್ತೂ ತುಳಿದಿಲ್ಲ.

ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. “ಐದು ದಿನಾನೂ ಹೀಗೇ ತುಳೀತೀರಾ? ನಡುವೆ ಒಂದು ದಿನ ಸುಮ್ನೆ ಇರಲ್ವಾ?” ನನಗೆ ಉತ್ತರ ಗೊತ್ತಾಗಲಿಲ್ಲ. ರಜೆ ಆರು ದಿನ ಇದೆ. ಆ ಆರನೇ ದಿನವನ್ನು ನಡುವೆ ಹಾಕಲಾ, ಕೊನೆಗೆ ಗೋಕರ್ಣದ ಮರಳಿನ ಮೇಲೆ ಮಲಗಲು ಉಳಿಸಿಕೊಳ್ಳಲಾ?


ಬಿಆರ್‌ಎಂ_ಭೂತ (ಮಂಗಳವಾರ, ರಾತ್ರಿ 10:15)

ಗುರು, 500 ಕಿಲೋಮೀಟರಿಗೆ ಐದು ದಿನ ಕೊಟ್ಟು ಮೇಲೆ ರೆಸ್ಟ್ ಡೇ ಬೇರೆ ಕೇಳ್ತಿದ್ದೀರಲ್ಲ. 600 ಕಿಲೋಮೀಟರಿನ ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಕೊಡುವ ಸಮಯ 40 ಗಂಟೆ. ನಾನು ಎರಡು ಸಲ ಮುಗಿಸಿದ್ದೇನೆ, ನಡುವೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಒಂದೂವರೆ ಗಂಟೆ ನಿದ್ದೆ. ಅಷ್ಟೆ. ನಿಮ್ಮದು ಪಿಕ್‌ನಿಕ್. ಮರಳಿನ ಮೇಲೆ ಮಲಗಿ.


ಹಳೇಚೈನು (ಬುಧವಾರ, ಬೆಳಿಗ್ಗೆ 6:20)

ಭೂತಪ್ಪನವರೇ, 40 ಗಂಟೆ ಆದ ಮೇಲೆ ನೀವು ಏನು ಮಾಡಿದಿರಿ? ಮನೆಗೆ ಹೋಗಿ ಎರಡು ದಿನ ಬಿದ್ದುಕೊಂಡಿರಿ ಅಲ್ವಾ? ಇವರಿಗೆ ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಸೀಟಿನ ಮೇಲೆ ಕೂರಬೇಕು. ಎರಡೂ ಬೇರೆ ಆಟ.

ಬೆಲ್ ಅವರೇ, ನಾನು ಇಪ್ಪತ್ತು ವರ್ಷದಿಂದ ಚೀಲ ಕಟ್ಟಿಕೊಂಡು ತಿರುಗುತ್ತಿದ್ದೇನೆ. ಮೊದಮೊದಲು ನಾನೂ ರೆಸ್ಟ್ ಅಂದರೆ ಸೋತವರಿಗೆ ಅಂದುಕೊಂಡಿದ್ದೆ. ಒಂದು ಸಲ ಕಾರವಾರದಿಂದ ಕೆಳಗೆ ಕರಾವಳಿ ಹಿಡಿದು ಹೊರಟೆ. ದಿನಕ್ಕೆ 120, 130. ಕುಂದಾಪುರ ದಾಟಿದ ಮೇಲೆ ಏನಾಯಿತು ಅಂದರೆ, ಕಾಲು ನೋವಲ್ಲ, ಮಂಡಿ ನೋವಲ್ಲ, ಸುಮ್ನೆ ಸಿಟ್ಟು. ನಾಯಿ ಬೊಗಳಿದರೆ ಸಿಟ್ಟು, ಎಳನೀರಿನವನು ಚಿಲ್ಲರೆ ಇಲ್ಲ ಅಂದರೆ ಸಿಟ್ಟು, ಎದುರು ಗಾಳಿ ಬಂದರೆ ಗಾಳಿಗೆ ಬೈಗುಳ. ಅದಕ್ಕೂ ಮುಂಚೆ ಮರವಂತೆ ಬಂದಿತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಜನ ಅದನ್ನು ನೋಡೋಕೇ ಅಂತ ದೂರದಿಂದ ಬರುತ್ತಾರೆ. ನಾನು ಆವತ್ತು ಅಲ್ಲಿ ನೋಡಿದ್ದು ಸೈಕಲ್ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ ಅನ್ನೋದನ್ನ. ಸುಸ್ತು ಕಾಲಿಗಿಂತ ಮೊದಲು ತಲೆಗೆ ಬರುತ್ತೆ, ಮತ್ತು ಬಂದಿದೆ ಅಂತ ಅದು ಹೇಳುವುದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟು: ಹಗುರ ದಿನವನ್ನು “ಬೇಡ, ನಾನು ಚೆನ್ನಾಗಿದ್ದೀನಿ” ಅನ್ನಿಸುವಾಗಲೇ ತೆಗೆದುಕೊಳ್ಳಬೇಕು. ಬೇಕು ಅನ್ನಿಸುವ ಹೊತ್ತಿಗೆ ಒಂದು ದಿನ ಸಾಕಾಗುವುದಿಲ್ಲ, ಎರಡು ಬೇಕಾಗುತ್ತೆ.

ಇನ್ನೊಂದು. ಹಗುರ ದಿನ ಅಂದರೆ ಲಾಡ್ಜಿನಲ್ಲಿ ಫ್ಯಾನ್ ನೋಡುತ್ತಾ ಮಲಗುವುದಲ್ಲ. ಹಾಗೆ ಮಾಡಿದರೆ ಮಾರನೇ ದಿನ ಕಾಲು ಮರದ ದಿಮ್ಮಿ. ಚೀಲ ರೂಮಿನಲ್ಲಿ ಬಿಟ್ಟು, ಬರೀ ಸೈಕಲ್ಲಿನಲ್ಲಿ, ಚಪ್ಪಲಿ ಹಾಕಿಕೊಂಡು 15-20 ಕಿಲೋಮೀಟರ್ ಸುತ್ತಿ ಬನ್ನಿ. ಬೆವರು ಬರುವಷ್ಟು ಬೇಡ.

ಮೊದಲ ದಿನ 145 ಅಂತ ಹಾಕಿದ್ದೀರಲ್ಲ, ಅದನ್ನು ಮೊದಲು ತೆಗೆಯಿರಿ. ಮೊದಲ ದಿನ ಎಲ್ಲರಿಗೂ ಹುರುಪು. ಅದರ ಬಿಲ್ಲು ಬರುವುದು ಮೂರನೇ ದಿನ.


ಬಸವನಗುಡಿ_ಬೆಲ್ (ಬುಧವಾರ, ಬೆಳಿಗ್ಗೆ 8:05)

ಧನ್ಯವಾದ ಸರ್. ಒಂದು ಅನುಮಾನ. ಹಗುರ ದಿನ ಅಂತ ಬೇರೆ ಇಡುವ ಬದಲು ಆರು ದಿನಕ್ಕೂ ಸಮನಾಗಿ ಹಂಚಿದರೆ? ತುಮಕೂರು 70, ಅರಸೀಕೆರೆ 100, ಶಿವಮೊಗ್ಗ 115, ಸಾಗರ 72, ಹೊನ್ನಾವರ 90, ಗೋಕರ್ಣ 50. ಯಾವ ದಿನವೂ ಭಾರ ಇಲ್ಲ.


ಹಳೇಚೈನು (ಬುಧವಾರ, ಬೆಳಿಗ್ಗೆ 8:30)

ಇದು ಮೊದಲಿನದ್ದಕ್ಕಿಂತ ಎಷ್ಟೋ ವಾಸಿ. ಆದರೆ 72 ಕಿಲೋಮೀಟರಿನ ದಿನವೂ ಬೆಳಿಗ್ಗೆ ಐದಕ್ಕೆ ಅಲಾರಂ. ಬಟ್ಟೆ ಒಣಗಿದೆಯಾ, ಚೀಲ ಕಟ್ಟು, ಲಾಡ್ಜ್ ಬಾಕಿ ಕೊಡು, ಮುಂದಿನ ಊರಲ್ಲಿ ರೂಮು ಸಿಗುತ್ತಾ ನೋಡು. ಇದೆಲ್ಲ ಕಿಲೋಮೀಟರಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಊರಲ್ಲಿ ಎರಡು ರಾತ್ರಿ ಮಲಗುವುದರ ಸುಖ ಬೇರೆ. ಬೆಳಿಗ್ಗೆ ಎದ್ದು ಏನನ್ನೂ ಕಟ್ಟಬೇಕಾಗಿಲ್ಲ ಅನ್ನುವುದು ಇದೆಯಲ್ಲ, ಅದೇ ಅರ್ಧ ವಿಶ್ರಾಂತಿ.

ಏಳನೇ ದಿನ ರಜೆ ಸಿಗುತ್ತಾ ನೋಡಿ.


ಬಿಆರ್‌ಎಂ_ಭೂತ (ಬುಧವಾರ, ಬೆಳಿಗ್ಗೆ 9:10)

ಏಳು ದಿನ! ಅಷ್ಟರಲ್ಲಿ ಎತ್ತಿನ ಗಾಡೀಲೂ ಹೋಗಿಬರಬಹುದು.

ತಮಾಷೆಗೆ ಹೇಳಿದೆ, ಬೇಜಾರು ಮಾಡ್ಕೋಬೇಡಿ. ಆದರೆ ನಿಜ ಹೇಳಿ, ದೇಹಕ್ಕೆ ಅಭ್ಯಾಸ ಆಗುತ್ತೆ ಅಲ್ವಾ? ಮೂರು ದಿನ ಕಷ್ಟಪಟ್ಟು ಲಯಕ್ಕೆ ಬಂದಮೇಲೆ ನಿಲ್ಲಿಸಿದರೆ ಆ ಲಯವೇ ಹೋಗುತ್ತೆ. ನನಗಂತೂ ಹಾಗೇ ಆಗಿದೆ.


ಮಂಡಿಮಾತು (ಬುಧವಾರ, ಮಧ್ಯಾಹ್ನ 1:40)

ನಾನು ಫಿಸಿಯೋಥೆರಪಿಸ್ಟ್. ಸೈಕಲ್ ತುಳಿಯುವವಳೂ ಹೌದು, ಆದರೆ ನಿಮ್ಮಷ್ಟಲ್ಲ.

ಭೂತ ಅವರು ಹೇಳಿದ “ಲಯ ಹೋಗುತ್ತೆ” ಅನ್ನುವುದು ಪೂರ್ತಿ ಸುಳ್ಳಲ್ಲ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡಿ. ಈಗ 21 ಹಂತ, 23 ದಿನ, ಅದರಲ್ಲಿ ಎರಡು ದಿನ ವಿಶ್ರಾಂತಿ. ಆ ಎರಡು ದಿನವೂ ಅವರು ಸುಮ್ಮನೆ ಕೂರುವುದಿಲ್ಲ. ಗಂಟೆ, ಒಂದೂವರೆ ಗಂಟೆ ಹಗುರಾಗಿ ತುಳಿದು ಬರುತ್ತಾರೆ. ಕಾಲು ಬಿಗಿಯಬಾರದು ಅಂತ. ಹಳೇಚೈನು ಸರ್ ಹೇಳಿದ್ದೂ ಅದೇ. (1903ರಲ್ಲಿ ಮೊದಲ ಸಲ ನಡೆದಾಗ ಬರೀ ಆರು ಹಂತ, 2,428 ಕಿಲೋಮೀಟರ್, ಹಂತ ಹಂತದ ನಡುವೆ ದಿನಗಟ್ಟಲೆ ಬಿಡುವು. ಆದರೆ ಒಂದೊಂದು ಹಂತ ರಾತ್ರಿಯೆಲ್ಲ ತುಳಿಯುವಷ್ಟು ಉದ್ದ. ಭೂತ ಅವರಿಗೆ ಹೇಳಿ ಮಾಡಿಸಿದ ಕಾಲ.)

ಒಳಗೆ ಆಗೋದು ಏನು ಅಂದರೆ, ಅಭ್ಯಾಸವಿಲ್ಲದ ಶ್ರಮ ಮಾಡಿದಾಗ ಸ್ನಾಯುವಿನ ನೋವು ಅವತ್ತೇ ಜಾಸ್ತಿ ಇರುವುದಿಲ್ಲ. ಒಂದರಿಂದ ಮೂರು ದಿನದ ಒಳಗೆ ಏರುತ್ತೆ. ಮೊದಲ ದಿನದ ಬಿಲ್ಲು ಮೂರನೇ ದಿನ ಬರುತ್ತೆ ಅಂದರಲ್ಲ, ಅದು ಇದೇ. ಜೊತೆಗೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾದರೆ ಮತ್ತೆ ತುಂಬಲು ಚೆನ್ನಾಗಿ ತಿಂದರೂ ಒಂದು ದಿನ ಹಿಡಿಯುತ್ತೆ. ರಾತ್ರಿ ಎರಡು ಚಪಾತಿ ತಿಂದು ಮಲಗಿ ಬೆಳಿಗ್ಗೆ ಮತ್ತೆ ನೂರು ತುಳಿದರೆ ಟ್ಯಾಂಕ್ ಪೂರ್ತಿ ತುಂಬುವುದೇ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಕಮ್ಮಿಯಾಗುತ್ತಾ ಹೋಗುತ್ತೆ. ಹಗುರ ದಿನದಲ್ಲಿ ಮಲಗುವುದಕ್ಕಿಂತ ಮುಖ್ಯ ಕೆಲಸ ತಿನ್ನುವುದು. ಇವತ್ತು ತುಳಿದಿಲ್ಲವಲ್ಲ ಅಂತ ಊಟ ಕಮ್ಮಿ ಮಾಡಬೇಡಿ. ಎಲ್ಲರೂ ಮಾಡುವ ತಪ್ಪು.

ಮತ್ತೆ ಮೂರು ಜಾಗ ನೋಡಿಕೊಳ್ಳಿ. ಅಂಗೈ: ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಭಾರ ಹಾಕಿದ್ದು ಜಾಸ್ತಿಯಾಗಿದೆ, ನರ ಒತ್ತುತ್ತಿದೆ. ಮಂಡಿ: ಮುಂಭಾಗ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಿದೆ ಅಥವಾ ಭಾರದ ಗೇರಿನಲ್ಲಿ ಒದೆಯುತ್ತಿದ್ದೀರಿ, ಹಿಂಭಾಗ ನೋವು ಬಂದರೆ ಸೀಟು ಎತ್ತರ. ಮೂರನೆಯದು ಕೂರುವ ಜಾಗ. ಅಲ್ಲಿ ಕೆಂಪಾಗಿ ಗುಳ್ಳೆ ಎದ್ದಿದ್ದರೆ ಒಂದು ಪೂರ್ತಿ ದಿನ ಸೀಟು ಮುಟ್ಟಬೇಡಿ, ನಡೆಯಿರಿ. ಇದರಲ್ಲಿ ನಾಚಿಕೆ ಪಟ್ಟವರೇ ಅರ್ಧ ದಾರಿಯಲ್ಲಿ ಬಸ್ ಹತ್ತುವುದು.


ಹೊಸಬ_ಹಾಸನ (ಬುಧವಾರ, ಸಂಜೆ 5:15)

ಅಕ್ಕಾ ತುಂಬಾ ಉಪಯೋಗ ಆಯ್ತು. ನಾನು ಹಾಸನದಿಂದ ಧರ್ಮಸ್ಥಳ ಮಾತ್ರ ಮಾಡಿರೋನು, ಎರಡೇ ದಿನ. ಒಂದು ದಡ್ಡ ಪ್ರಶ್ನೆ. ಗೊತ್ತಿಲ್ಲದ ಊರಲ್ಲಿ ಒಬ್ಬನೇ ಇಡೀ ದಿನ ಏನು ಮಾಡೋದು? ನನಗೆ ಸೈಕಲ್ ತುಳಿಯೋದಕ್ಕಿಂತ ಆ ಯೋಚನೆಗೇ ಭಯ ಆಗುತ್ತೆ.


ಪಸ್ಸೌ_ಪಯಣ (ಬುಧವಾರ, ರಾತ್ರಿ 8:40)

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ನಾನಿರೋದು ಜರ್ಮನಿಯಲ್ಲಿ, ಊರು ಚಿತ್ರದುರ್ಗ. ಎರಡು ವರ್ಷದ ಹಿಂದೆ ಪಸ್ಸೌನಿಂದ ವಿಯೆನ್ನಾಕ್ಕೆ ಡ್ಯಾನ್ಯೂಬ್ ಹೊಳೆಯ ದಡದಲ್ಲೇ ಸೈಕಲ್ಲಿನಲ್ಲಿ ಹೋದೆ. 300 ಕಿಲೋಮೀಟರಿನ ಮೇಲೆ. ಸಮತಟ್ಟು ದಾರಿ, ಮಕ್ಕಳು ಮುದುಕರು ಎಲ್ಲ ಹೋಗ್ತಾರೆ. ನಾನು ಶಿಸ್ತಾಗಿ ನಡುವೆ ಒಂದು ಹಗುರ ದಿನ ಇಟ್ಟೆ. ಅದು ಭಾನುವಾರ ಅನ್ನೋದು ಮರೆತಿದ್ದೆ. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ. ಇಡೀ ದಿನ ಚೀಲದಲ್ಲಿದ್ದ ಒಂದು ಪೊಟ್ಟಣ ಬಿಸ್ಕೆಟ್, ಎರಡು ಬಾಳೆಹಣ್ಣು, ಸಂಜೆ ಒಂದು ಹೋಟೆಲಿನಲ್ಲಿ ದುಬಾರಿ ಸೂಪು. ಮಾರನೇ ದಿನ ತುಳಿಯೋಕೆ ಶಕ್ತಿಯೇ ಇಲ್ಲ.

ಹಾಗಾಗಿ ಯಾವ ಊರು ಅನ್ನೋದರ ಜೊತೆಗೆ ಯಾವ ವಾರ ಅನ್ನೋದನ್ನೂ ನೋಡಿ. ನಮ್ಮ ಕಡೆ ಈ ಸಮಸ್ಯೆ ಕಮ್ಮಿ. ಆದರೂ ಸಣ್ಣ ಊರುಗಳಲ್ಲಿ ವಾರಕ್ಕೊಂದು ದಿನ ಅಂಗಡಿ ಬಾಗಿಲು ಹಾಕೋದು ಇದ್ದೇ ಇದೆ.


ಸಾಗರದವಳು (ಬುಧವಾರ, ರಾತ್ರಿ 9:30)

ಇಡೀ ದಿನ ಏನು ಮಾಡೋದು ಅಂತ ಕೇಳಿದರಲ್ಲ, ನಮ್ಮೂರಿಗೆ ಬನ್ನಿ, ದಿನ ಸಾಲಲ್ಲ.

ಬೆಲ್ ಅವರೇ, ನಿಮ್ಮ ಹಗುರ ದಿನ ಸಾಗರದಲ್ಲೇ ಇರಲಿ. ಊರಿನ ಮೇಲಿನ ಪ್ರೀತಿಗೆ ಹೇಳ್ತಿಲ್ಲ. ಸ್ವಲ್ಪ ಅದಕ್ಕೂ ಹೇಳ್ತಿದ್ದೀನಿ. ಆದರೆ ಲೆಕ್ಕವೂ ಸರಿ ಇದೆ. ಸಾಗರ ಆದ ಮೇಲೆ ನಿಮಗೆ ಗೇರುಸೊಪ್ಪೆ ಘಟ್ಟ ಇಳಿಯಬೇಕು. ಭಾರ ಹೊತ್ತ ಸೈಕಲ್ಲಿನಲ್ಲಿ ಘಟ್ಟ ಇಳಿಯುವಾಗ ತಲೆ ಎಚ್ಚರ ಇರಬೇಕು. ಸುಸ್ತಾಗಿ ಇಳಿಯುವ ರಸ್ತೆ ಅದಲ್ಲ.

ಇಕ್ಕೇರಿ, ಕೆಳದಿ ಎರಡೂ ಪೇಟೆಯಿಂದ ಹತ್ತು ಕಿಲೋಮೀಟರಿನ ಒಳಗೇ. ಒಂದು ಆ ಕಡೆ, ಒಂದು ಈ ಕಡೆ. ಎರಡನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ, ಹಾಗೆ ಮಾಡಿದರೆ ಅದೂ ಕೆಲಸವೇ ಆಗುತ್ತೆ. ಇಕ್ಕೇರಿಗೆ ಹೋಗಿ. ಕೆಳದಿ ನಾಯಕರ ಕಾಲದ ಅಘೋರೇಶ್ವರ ದೇವಸ್ಥಾನ. ಎದುರಿಗೇ ಬಸವಣ್ಣನ ಮಂಟಪ, ಒಳಗೆ ದೊಡ್ಡ ಬಸವ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೋದರೆ ಜನ ಇರಲ್ಲ. ಜಗಲಿ ಮೇಲೆ ಕೂತರೆ ಕಲ್ಲು ತಣ್ಣಗಿರುತ್ತೆ.

ಈಗ ಅಡಿಕೆ ಕೊಯ್ಲಿನ ಕಾಲ ಬೇರೆ. ದಾರಿಯುದ್ದಕ್ಕೂ ಮನೆ ಮನೆಯಲ್ಲೂ ಅಡಿಕೆ ಬೇಯಿಸ್ತಿರ್ತಾರೆ. ಚೊಗರಿನ ವಾಸನೆ ಮೂಗಿಗೆ ಬಡಿದರೆ ನಮ್ಮೂರು ಬಂತು ಅಂತ ತಿಳ್ಕೊಳ್ಳಿ. ಊಟಕ್ಕೆ ಎಲ್ಲಾದರೂ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತಿಳಿಸಾರು, ಸಿಕ್ಕಿದರೆ ಬಿಡಬೇಡಿ. ಉಪ್ಪು, ಹುಳಿ, ಇಂಗಿನ ಒಗ್ಗರಣೆ. ಬೆವರಿ ಬಂದವರಿಗೆ ನಿಮ್ಮ ಪ್ಯಾಕೆಟ್ ಪುಡಿಗಿಂತ ನೂರು ಪಾಲು ವಾಸಿ. ಕುಡಿದರೆ ನಿದ್ದೆ ಬರುತ್ತೆ, ಅದೂ ಒಳ್ಳೇದೇ.


ಕರಾವಳಿಕಾಕ (ಗುರುವಾರ, ಬೆಳಿಗ್ಗೆ 7:00)

ಸಾಗರದವರು ಹೇಳಿದ್ದು ಸರಿ. ಆದರೆ ನನ್ನದೊಂದು ತಕರಾರು. ಘಟ್ಟ ಇಳಿದ ಮೇಲೆ ಹಗುರ ದಿನ ಇಡಬೇಕು, ಮೇಲೆ ಅಲ್ಲ. ಯಾಕೆಂದರೆ ಕೆಳಗಿನ ಸೆಕೆ. ಬಯಲುಸೀಮೆಯಿಂದ, ಮಲೆನಾಡಿಂದ ಬಂದವರಿಗೆ ನಮ್ಮ ಸೆಕೆ ಮೊದಲ ದಿನ ಮಂಕು ಕವಿಸುತ್ತೆ. ಡಿಸೆಂಬರ್ ಆದರೂ ಮಧ್ಯಾಹ್ನ ಬೆವರು ಇಳಿಯುತ್ತಲೇ ಇರುತ್ತೆ, ಆರುವುದೇ ಇಲ್ಲ.

ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಶರಾವತಿಯ ಪಕ್ಕದಲ್ಲೇ ರಸ್ತೆ. 30 ಕಿಲೋಮೀಟರ್ ಆಸುಪಾಸು, ಅಡಿಕೆ ತೋಟ, ತೆಂಗು, ನಡುನಡುವೆ ಹೊಳೆ ಕಾಣುತ್ತೆ. ಅಷ್ಟನ್ನೇ ಒಂದು ದಿನ ಮಾಡಿದರೂ ನಷ್ಟ ಇಲ್ಲ. ನಮ್ಮ ಕಡೆ ಬಂದು ಗಡಿಬಿಡಿ ಮಾಡುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತೆ.


ಸಾಗರದವಳು (ಗುರುವಾರ, ಬೆಳಿಗ್ಗೆ 7:45)

ಕಾಕ ಅವರೇ, ಅವರು ಹೊನ್ನಾವರ ಆದ ಮೇಲೆ ಬರೀ 50 ಕಿಲೋಮೀಟರ್ ತುಳಿದು ಗೋಕರ್ಣದಲ್ಲಿ ಮಲಗ್ತಾರೆ. ಕೆಳಗೆ ಹಗುರ ದಿನ ತಾನಾಗೇ ಬಂತಲ್ಲ. ನಮ್ಮ ಪಾಲು ನಮಗೆ ಬಿಡಿ.


ಬಸವನಗುಡಿ_ಬೆಲ್ (ಗುರುವಾರ, ರಾತ್ರಿ 10:10)

ಏಳು ದಿನ ರಜೆ ಆಯ್ತು! ಮ್ಯಾನೇಜರ್ ಮುಖ ನೋಡಬೇಕಿತ್ತು. ಶನಿವಾರ ಹೊರಡುತ್ತೇನೆ. ಶನಿ ತುಮಕೂರು, ಭಾನು ಅರಸೀಕೆರೆ, ಸೋಮ ಶಿವಮೊಗ್ಗ, ಮಂಗಳ ಸಾಗರ, ಬುಧ ಸಾಗರದಲ್ಲೇ, ಗುರು ಹೊನ್ನಾವರ, ಶುಕ್ರ ಗೋಕರ್ಣ. ದಾರಿಯಲ್ಲಿ ಬರೆಯುತ್ತಿರುತ್ತೇನೆ.


ಬಸವನಗುಡಿ_ಬೆಲ್ (ಶನಿವಾರ, ಮಧ್ಯಾಹ್ನ 12:30)

ತುಮಕೂರು ತಲುಪಿದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮೂರು. ಇನ್ನೂ ಮಧ್ಯಾಹ್ನ, ಮುಂದೆ ಹೋಗಲಾ ಅಂತ ಮನಸ್ಸು ಒಂದೇ ಸಮನೆ ಹೇಳುತ್ತಿದೆ. ಕೂತಿದ್ದೇನೆ. ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೇ ಅರ್ಧ ಜೀವ ಹೋಗಿತ್ತು.


ಬಸವನಗುಡಿ_ಬೆಲ್ (ಸೋಮವಾರ, ರಾತ್ರಿ 9:20)

ನಿನ್ನೆ ಬರೆಯಲು ಆಗಲಿಲ್ಲ. ಗುಬ್ಬಿ, ಕೆ.ಬಿ. ಕ್ರಾಸ್, ತಿಪಟೂರು. ತಿಪಟೂರಿನಲ್ಲಿ ಕೊಬ್ಬರಿ ಮೂಟೆ ತುಂಬಿದ ಗಾಡಿಗಳ ಹಿಂದೆ ಸಿಕ್ಕಿಕೊಂಡೆ. ಅರಸೀಕೆರೆಗೆ ಬಂದವನು ಸೀದಾ ಮಲಗಿದ್ದು.

ಇವತ್ತು 115. ಹಳೇಚೈನು ಸರ್ ಹೇಳಿದ ಬಿಲ್ಲು ಬಂತು, ಬೀರೂರು ದಾಟಿದ ಮೇಲೆ. ತರೀಕೆರೆಯಿಂದ ಒಳಗೆ ಹತ್ತು ಕಿಲೋಮೀಟರ್ ಹೋದರೆ ಅಮೃತಾಪುರ, 1196ರ ಹೊಯ್ಸಳ ದೇವಸ್ಥಾನ. ನೋಡಬೇಕು ಅಂತ ಬೆಂಗಳೂರಲ್ಲೇ ಗುರುತು ಹಾಕಿಕೊಂಡಿದ್ದೆ. ತಿರುವಿನಲ್ಲಿ ನಿಂತು ಬೋರ್ಡು ನೋಡಿದೆ. ಹೋಗಿ ಬರೋಕೆ ಇಪ್ಪತ್ತು ಕಿಲೋಮೀಟರ್ ಜಾಸ್ತಿ ಅಂತ ಮುಂದೆ ಹೋಗಿಬಿಟ್ಟೆ. ಈಗ ಶಿವಮೊಗ್ಗದ ಲಾಡ್ಜಿನಲ್ಲಿ ಕೂತು ಹೊಟ್ಟೆ ಉರಿಯುತ್ತಿದೆ. ಮರವಂತೆಯಲ್ಲಿ ಮೀಟರ್ ನೋಡಿದೆ ಅಂದಿರಲ್ಲ ಸರ್, ಅದೇ ಆಯಿತು.


ಹಳೇಚೈನು (ಸೋಮವಾರ, ರಾತ್ರಿ 9:45)

ಎಲ್ಲರಿಗೂ ಒಂದೊಂದು ಮರವಂತೆ ಇರುತ್ತೆ. ನಾಳೆ ಆಯನೂರು, ಕುಂಸಿ, ಆನಂದಪುರ, ನಿಧಾನ ಹೋಗಿ. ಏರಿಳಿತ ಇದೆ, ಆದರೆ ನೆರಳಿದೆ.


ಬಸವನಗುಡಿ_ಬೆಲ್ (ಮಂಗಳವಾರ, ಸಂಜೆ 6:30)

ಸಾಗರ. ಮಧ್ಯಾಹ್ನ ಒಂದೂವರೆಗೇ ಬಂದೆ. ಸ್ನಾನ, ಊಟ, ಎರಡು ಗಂಟೆ ನಿದ್ದೆ. ಈಗ ನೋಡಿದರೆ ಕಾಲಿನಲ್ಲಿ ಏನೂ ನೋವಿಲ್ಲ. ನಿಜವಾಗಿಯೂ ಇಲ್ಲ. 72 ಕಿಲೋಮೀಟರ್ ಏನೂ ಅನ್ನಿಸಲಿಲ್ಲ.

ಬೈಯಬೇಡಿ. ನಾಳೆ ಹೊರಟುಬಿಡಲಾ? ಒಂದು ದಿನ ಉಳಿದರೆ ಕಾರವಾರದವರೆಗೂ ಹೋಗಬಹುದು.


ಬಿಆರ್‌ಎಂ_ಭೂತ (ಮಂಗಳವಾರ, ಸಂಜೆ 6:34)

ಹೊರಡಿ ಗುರು!! ಕಾರವಾರ!


ಮಂಡಿಮಾತು (ಮಂಗಳವಾರ, ಸಂಜೆ 6:50)

ಎರಡು ಗಂಟೆ ನಿದ್ದೆ ಮಾಡಿ ಎದ್ದವರಿಗೆ ಎಲ್ಲರಿಗೂ ಹಾಗೇ ಅನ್ನಿಸುತ್ತೆ. ಒಂದು ಕೆಲಸ ಮಾಡಿ. ಲಾಡ್ಜಿನ ಮೆಟ್ಟಿಲು ಇಳಿಯಿರಿ. ಹತ್ತುವುದಲ್ಲ, ಇಳಿಯುವುದು. ತೊಡೆ ಏನು ಹೇಳುತ್ತೆ ಕೇಳಿ.


ಬಸವನಗುಡಿ_ಬೆಲ್ (ಮಂಗಳವಾರ, ಸಂಜೆ 7:05)

ಕಂಬಿ ಹಿಡಿದುಕೊಂಡು ಇಳಿದೆ. ನಾಳೆ ಇಲ್ಲೇ ಇರುತ್ತೇನೆ.


ಬಸವನಗುಡಿ_ಬೆಲ್ (ಬುಧವಾರ, ರಾತ್ರಿ 8:30)

ಇವತ್ತಿನದ್ದು ಸ್ವಲ್ಪ ಉದ್ದ ಬರೆಯುತ್ತೇನೆ, ಸಮಯ ಇದೆ.

ಅಲಾರಂ ಇಡಲಿಲ್ಲ. ಆದರೂ ಐದಕ್ಕೇ ಎಚ್ಚರ ಆಯಿತು. ಎದ್ದು ಕೂತು ಚೀಲದ ಕಡೆ ಕೈ ಹಾಕಿದೆ, ಆಮೇಲೆ ನೆನಪಾಯಿತು, ಮತ್ತೆ ಮಲಗಿದೆ. ಈ ಪ್ರವಾಸದಲ್ಲಿ ಇದುವರೆಗಿನ ಅತಿ ಸುಖದ ಕ್ಷಣ ಅದೇ ಇರಬೇಕು.

ಬೆಳಿಗ್ಗೆ ಬಟ್ಟೆಯೆಲ್ಲ ಸೋಪು ಹಾಕಿ ಒಗೆದೆ. ಇಷ್ಟು ದಿನ ಬರೀ ನೀರಿನಲ್ಲಿ ಅದ್ದಿ ಹಿಂಡುತ್ತಿದ್ದದ್ದು, ಬಕೆಟಿನ ನೀರು ನೋಡಿ ನನಗೇ ನಾಚಿಕೆ ಆಯಿತು. ಆಮೇಲೆ ಸೈಕಲ್ ಹೊರಗೆ ತಂದು ಚೈನಿಗೆ ಬಟ್ಟೆ ಹಿಡಿದೆ. ಹಿಂದಿನ ಕ್ಯಾರಿಯರ್ ಒರೆಸುವಾಗ ಕೈಗೆ ಅಲುಗಾಡಿತು. ನೋಡಿದರೆ ಬಲಗಡೆ ಕೆಳಗಿನ ಬೋಲ್ಟೇ ಇಲ್ಲ. ತೂತು ಮಾತ್ರ ಇದೆ. ಎಲ್ಲಿ ಬಿತ್ತೋ, ಎಷ್ಟು ದಿನ ಆಯಿತೋ. ಎಡಗಡೆಯ ಒಂದೇ ಬೋಲ್ಟಿನ ಮೇಲೆ 13 ಕೆಜಿ ನೇತಾಡಿಕೊಂಡು ಬಂದಿದೆ. ಅದೂ ಎರಡು ಸುತ್ತು ಸಡಿಲ ಆಗಿತ್ತು. ದಿನಾ ಸಂಜೆ ಚೀಲ ಬಿಚ್ಚುತ್ತೇನೆ, ಬೆಳಿಗ್ಗೆ ಕಟ್ಟುತ್ತೇನೆ, ಕಂಡಿರಲೇ ಇಲ್ಲ. ಚೀಲ ಅದನ್ನು ಮುಚ್ಚಿರುತ್ತೆ.

ಸೈಕಲ್ ಅಂಗಡಿಯಲ್ಲಿ ಆ ಅಳತೆಯದು ಸಿಗಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 5 ಎಂಎಂ ಬೋಲ್ಟ್ ಇತ್ತು, ಆದರೆ ಉದ್ದ. ಹಾಕಿದರೆ ಒಳಗಡೆ ಚಕ್ರದ ಹಲ್ಲಿಗೆ ತಾಗುತ್ತೆ. ಅಂಗಡಿಯವರು ಆಕ್ಸಾ ಬ್ಲೇಡಿನಲ್ಲಿ ಕೊಯ್ದುಕೊಟ್ಟರು. ಕೊಯ್ದ ಮೇಲೆ ನಟ್ಟು ಹತ್ತಲಿಲ್ಲ, ತುದಿ ಮುದುಡಿತ್ತು. “ಕೊಯ್ಯೋ ಮುಂಚೇನೇ ನಟ್ಟು ಹಾಕಿಟ್ಕೋಬೇಕಿತ್ತು ನೋಡಿ” ಅಂತ ಅವರೇ ತಮಗೆ ಬೈದುಕೊಂಡು ಇನ್ನೊಂದು ಬೋಲ್ಟ್ ತೆಗೆದರು. ಮೊದಲು ನಟ್ಟು, ಆಮೇಲೆ ಕೊಯ್ತ, ಆಮೇಲೆ ನಟ್ಟನ್ನು ಹಿಂದಕ್ಕೆ ತಿರುಗಿಸಿ ತೆಗೆದರೆ ಎಳೆ ತಾನೇ ಸರಿಯಾಗುತ್ತೆ. ಹೊಸ ಪಾಠ. ಎರಡು ಬೋಲ್ಟ್, ನಾಲ್ಕು ವಾಷರ್, ಮುಕ್ಕಾಲು ಗಂಟೆ. ಬ್ರೇಕ್ ಪ್ಯಾಡ್ ಕೂಡ ಹಿಂದಿನದು ಸವೆದಿತ್ತು. ಅದಂತೂ ಚೀಲದಲ್ಲೇ ಇತ್ತು, ಬದಲಾಯಿಸಿದೆ.

ಹತ್ತೂವರೆಗೆ ಇಕ್ಕೇರಿ. ಚೀಲ ಇಲ್ಲದ ಸೈಕಲ್ ಹತ್ತಿದ ತಕ್ಷಣ ಬೀಳುವ ಹಾಗಾಯಿತು. ನಾಲ್ಕು ದಿನ ಭಾರಕ್ಕೆ ಒಗ್ಗಿದ ಕೈಗೆ ಹ್ಯಾಂಡಲ್ ಅತ್ತಿತ್ತ ಹಾರುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಸರಿಯಾಯಿತು. ಮೇಡಂ, ನೀವು ಹೇಳಿದ ಚೊಗರಿನ ವಾಸನೆ ಬಂತು. ಚಪ್ಪರದ ಮೇಲೆ ಕೆಂಪಗೆ ಹರವಿದ ಅಡಿಕೆ, ಕೆಳಗೆ ನಾಯಿ ಮಲಗಿತ್ತು. ಅದು ನನ್ನನ್ನು ನೋಡಿ ಎದ್ದೇಳಲಿಲ್ಲ, ನಾನೂ ಇಳಿಯಲಿಲ್ಲ, ಹಾಗೇ ನಿಧಾನ ದಾಟಿದೆ.

ದೇವಸ್ಥಾನದಲ್ಲಿ ಒಂದು ಗಂಟೆ ಕೂತೆ. ಕಲ್ಲು ತಣ್ಣಗಿತ್ತು. ಅಪ್ಪೆಹುಳಿ ಒಂದು ಖಾನಾವಳಿಯಲ್ಲಿ ಸಿಕ್ಕಿತು, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯದು. ಮೂರು ಲೋಟ. ಮಂಡಿಮಾತು ಅವರು ಹೇಳಿದ ಹಾಗೆ ಹೊಟ್ಟೆ ತುಂಬ ಊಟ, ಮೇಲೆ ಸಿಹಿಗೆ ತೊಡೆದೇವು.

ಕೆಳದಿಗೆ ಹೋಗಲಿಲ್ಲ. ಆಸೆ ಆಯಿತು, ಹೋಗಲಿಲ್ಲ.


ಹಳೇಚೈನು (ಬುಧವಾರ, ರಾತ್ರಿ 9:00)

ಬೋಲ್ಟಿನ ಕಥೆ ಓದಿ ಮೈ ಜುಂ ಅಂತು. ಒಂದು ಸಲಹೆ: ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಗೂ ಕ್ಯಾರಿಯರಿಗೂ ಸೇರಿಸಿ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಸಡಿಲ ಆಗುತ್ತಿದೆ ಅಂತ. ದಿನಾ ಬೆಳಿಗ್ಗೆ ಒಂದು ಕ್ಷಣ ಸಾಕು.

ಘಟ್ಟದಲ್ಲಿ ಬ್ರೇಕ್ ಹಿಡಿದೇ ಇಳಿಯಬೇಡಿ. ಒತ್ತಿ, ಬಿಡಿ, ಒತ್ತಿ, ಬಿಡಿ. ರಿಮ್ ಮುಟ್ಟಿ ನೋಡಿ, ಕೈ ಸುಟ್ಟರೆ ನಿಂತು ಎಳನೀರು ಕುಡಿಯಿರಿ.


ಬಸವನಗುಡಿ_ಬೆಲ್ (ಗುರುವಾರ, ಸಂಜೆ 5:40)

ಹೊನ್ನಾವರ! ‘ಎಚ್’ ಮುಟ್ಟಿದೆ. ಶರಾವತಿ ಸೇತುವೆ ಕಾಣುವ ಕಡೆ ಕೂತು ಬರೆಯುತ್ತಿದ್ದೇನೆ.

ಒಂದು ವಿಷಯ ಹೇಳಬೇಕು, ಯಾರೂ ಮುಂಚೆ ಸರಿಯಾಗಿ ಹೇಳಿರಲಿಲ್ಲ. ಹಗುರ ದಿನ ಆದ ಮೇಲೆ ಬೆಳಿಗ್ಗೆ ಹಕ್ಕಿ ಹಾಗೆ ಹಾರುತ್ತೇನೆ ಅಂದುಕೊಂಡಿದ್ದೆ. ತಾಳಗುಪ್ಪದವರೆಗೆ ಕಾಲು ಸೀಸದಷ್ಟು ಭಾರ. ಭೂತ ಅವರು ಹೇಳಿದ “ಲಯ ಹೋಗುತ್ತೆ” ಅನ್ನುವುದು ಇದೇ ಇರಬೇಕು. ತಪ್ಪು ಮಾಡಿದೆ, ಇಡೀ ದಿನ ದಂಡ ಆಯಿತು ಅನ್ನಿಸಿ ಬೇಸರ ಬಂತು. ಜೋಗ ಹತ್ತಿರ ಬರುವಾಗ ಯಾವಾಗ ಹಗುರ ಆಯಿತೋ ಗೊತ್ತಾಗಲಿಲ್ಲ. ಜೋಗದಲ್ಲಿ ನೀರು ಕಮ್ಮಿ, ರಾಜ ರಾಣಿ ಎಲ್ಲ ತೆಳ್ಳಗೆ ಬಿಳಿ ದಾರದ ಹಾಗೆ. ಆದರೂ 253 ಮೀಟರ್ ಆಳ ಕಣ್ಣಿಗೆ ಕಟ್ಟುತ್ತೆ. ಅರ್ಧ ಗಂಟೆ ನಿಂತೆ. ಮೀಟರ್ ನೋಡಲಿಲ್ಲ.

ಮಾವಿನಗುಂಡಿ ಆದ ಮೇಲೆ ಇಳಿಜಾರು. ಎರಡು ಸಲ ನಿಂತೆ. ಕ್ಯಾರಿಯರ್ ಕೈಯಿಂದ ಅಲ್ಲಾಡಿಸಿ ನೋಡಿದೆ, ಗಟ್ಟಿ. ಕೆಳಗೆ ಬಂದಾಗ ಸೆಕೆ ಮುಖಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ ಬಡಿಯಿತು. ಕಾಕ ಅವರೇ, ನೀವು ಹೇಳಿದ್ದು ಅಕ್ಷರಶಃ. ಹೊಳೆ ಪಕ್ಕದ ಮೂವತ್ತು ಕಿಲೋಮೀಟರಿಗೆ ಮೂರು ಗಂಟೆ ತೆಗೆದುಕೊಂಡೆ, ಅರ್ಧ ಬೇಕಂತಲೇ, ಅರ್ಧ ಆಗದೆ.

ನಾಳೆ ಗೋಕರ್ಣಕ್ಕೆ ಹೆದ್ದಾರಿಯಲ್ಲೇ ಹೋಗಲಾ, ಬೇರೆ ದಾರಿ ಇದೆಯಾ?


ಕರಾವಳಿಕಾಕ (ಗುರುವಾರ, ಸಂಜೆ 6:20)

ಕುಮಟಾದಿಂದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿ ಹೊಳೆ ದಾಟಿ ತದಡಿಗೆ, ತದಡಿಯಿಂದ ಗೋಕರ್ಣ. ಸೈಕಲ್ ದೋಣಿಗೆ ಹತ್ತಿಸಿಕೊಳ್ಳುತ್ತಾರೆ. ಹೊರಡುವ ಸಮಯ ಕುಮಟಾದಲ್ಲೇ ಕೇಳಿಕೊಳ್ಳಿ. ಹೆದ್ದಾರಿ ಹಿಡಿದರೆ ಮಿರ್ಜಾನ್ ಕೋಟೆ ಸಿಗುತ್ತೆ, ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೋಟೆ. ಎರಡರಲ್ಲಿ ಒಂದು ಬಿಡಬೇಕು. ನಾನಾದರೆ ದೋಣಿ.


ಹೊಸಬ_ಹಾಸನ (ಗುರುವಾರ, ರಾತ್ರಿ 7:50)

ಅಣ್ಣಾ ಸೂಪರ್. ಇಡೀ ದಿನ ಏನು ಮಾಡೋದು ಅಂತ ಕೇಳಿದ್ದೆನಲ್ಲ, ಬೋಲ್ಟ್ ಕೊಯ್ಸೋದು ಅಂತ ಬರ್ಕೊಂಡೆ.


ಬಿಆರ್‌ಎಂ_ಭೂತ (ಗುರುವಾರ, ರಾತ್ರಿ 8:15)

ಅಭಿನಂದನೆ ಗುರು. ಆದರೂ ನಾನಾಗಿದ್ದರೆ ಬುಧವಾರವೇ ಹೊನ್ನಾವರ ಮುಟ್ಟಿರ್ತಿದ್ದೆ.


ಸಾಗರದವಳು (ಗುರುವಾರ, ರಾತ್ರಿ 8:17)

ನೀವು ಮುಟ್ಟಿರ್ತಿದ್ರಿ. ಚೀಲ?